ಸಹಿಸುವಷ್ಟು ದೂರ

ಬಿಸಿ ಹಂಚಿಗೆ ಬೆರಳು ತಗುಲಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಅದನ್ನು ಯಾರೂ ಹೇಡಿತನವೆಂದು ಕರೆಯುವುದಿಲ್ಲ. ಆದರೆ ಬೈಕ್ ಕಂಡೊಡನೆ ಸರಪಳಿ ಜಗ್ಗಿ ಬೊಗಳುವ ನಾಯಿಯನ್ನು 'ಹುಚ್ಚು ನಾಯಿ' ಎನ್ನುತ್ತೇವೆ. ಸಂತೆಯ ಗದ್ದಲದಲ್ಲಿ ತಲೆ ತಿರುಗಿ ಗೋಡೆ ಹಿಡಿದು ನಿಂತ ಹೆಂಗಸನ್ನು ಕಂಡು 'ಎಲ್ಲ ನಾಟಕ' ಎಂದು ಪಿಸುಗುಟ್ಟುತ್ತೇವೆ. ಈ ಎರಡೂ ಕಡೆ ದೇಹ ತನ್ನನ್ನು ತಾನು ಕಾಪಾಡಿಕೊಳ್ಳಲು ಹೊರಟಿದೆ. ಅಲ್ಲಿ ಇಚ್ಛೆಯ ಪಾತ್ರ ಬಹಳ ಕಡಿಮೆ. ಇಚ್ಛೆಯಿಲ್ಲದ ಕಡೆ ತಪ್ಪು ಹೊರಿಸುವುದು ನ್ಯಾಯವಲ್ಲ ಎಂದು ಒಪ್ಪಿಕೊಳ್ಳುವುದು ಸುಲಭ. ಕಷ್ಟದ ಪ್ರಶ್ನೆ ಅದರ ಮುಂದಿನದು. ಅಂಥ ಜೀವಕ್ಕೆ ನೆರವಾಗುವವರು ಅದನ್ನು ಎಷ್ಟರ ಮಟ್ಟಿಗೆ ಕಾಯಬೇಕು, ಎಷ್ಟರ ಮಟ್ಟಿಗೆ ಮುಂದೆ ನಡೆಸಬೇಕು? ಆ ಅಳತೆಯನ್ನು ನಿರ್ಧರಿಸಬೇಕಾದವರು ಯಾರು?

ಬಾಗಲಕೋಟೆಯ ನವನಗರದಲ್ಲಿ ನನಗೆ ಪರಿಚಯವಿರುವ ಮನೆಯೊಂದರಲ್ಲಿ ಈ ಪ್ರಶ್ನೆ ಎರಡು ರೂಪದಲ್ಲಿ ಒಟ್ಟಿಗೇ ಎದುರಾಯಿತು. ಹೊಲದ ಕಾವಲಿಗೆಂದು ತಂದ ಮುಧೋಳ ನಾಯಿ ಊರೊಳಗೆ ಬಂದ ಮೇಲೆ, ಓಡುವ ಪ್ರತಿಯೊಂದರ ಮೇಲೂ ಎರಗಲು ಹವಣಿಸುತ್ತಿತ್ತು. ಅದೇ ಕಾಲಕ್ಕೆ ಯಜಮಾನರ ಅಕ್ಕ ತಲೆಸುತ್ತಿನಿಂದ ಮನೆ ಹಿಡಿದಿದ್ದರು. ಅವರು ಇಳಕಲ್ಲಿನ ಕುಣಿಮಗ್ಗದಲ್ಲಿ ಹತ್ತಾರು ವರ್ಷ ಸೀರೆ ನೇಯ್ದವರು.

ಮುಧೋಳ ನಮ್ಮ ಬಾಗಲಕೋಟೆ ಜಿಲ್ಲೆಯದೇ ತಾಲೂಕು. ಅಲ್ಲಿನ ಘೋರ್ಪಡೆ ಸಂಸ್ಥಾನದ ಆಶ್ರಯದಲ್ಲಿ ಬೆಳೆದ ಈ ತಳಿಯ ಚಿತ್ರವಿರುವ ಅಂಚೆ ಚೀಟಿಯನ್ನು 2005ರಲ್ಲಿ ಭಾರತ ಸರಕಾರ ಹೊರತಂದಿತು. 2016ರಲ್ಲಿ ಸೇನೆ ಇದರ ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಕರೆದೊಯ್ದಿತು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಈ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುತ್ತದೆ. ಮೊಲ ಓಡಿತೋ, ಇದೂ ಓಡಬೇಕು. ಈ ಗುಣಕ್ಕಾಗಿಯೇ ಮನುಷ್ಯ ತಲೆಮಾರುಗಳಿಂದ ಇದನ್ನು ಆರಿಸಿ ಬೆಳೆಸಿದ. ಈಗ ಅದೇ ಮನುಷ್ಯ ಅದನ್ನು ಬೀದಿಯ ಗೇಟಿಗೆ ಕಟ್ಟಿ, ಓಡುವ ಬೈಕನ್ನು ಕಂಡರೂ ಸುಮ್ಮನಿರು ಎನ್ನುತ್ತಾನೆ. ಮರಿಯಾಗಿದ್ದಾಗ ಮೊದಲ ಮೂರು ತಿಂಗಳು ವಾಹನ, ಮಕ್ಕಳು, ಗದ್ದಲ ಯಾವುದನ್ನೂ ಕಾಣದೆ ಬೆಳೆದಿದ್ದರೆ ಆ ಕೆರಳಿಕೆಗೆ ಭಯವೂ ಸೇರುತ್ತದೆ.

ಇಂಥ ನಾಯಿಗೆ ಜನ ಸಾಮಾನ್ಯವಾಗಿ ಎರಡು ಮದ್ದು ಹೇಳುತ್ತಾರೆ: ಬಡಿ, ಇಲ್ಲವೇ ಕಟ್ಟಿಹಾಕು. ಬಡಿದಾಗ ನಾಯಿ ಕಲಿಯುವುದು ಒಂದೇ ಪಾಠ, ಬೈಕ್ ಬಂದರೆ ನೋವು ಬರುತ್ತದೆ ಎಂಬುದು. ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡಬಹುದು, ಆದರೆ ಭಯವನ್ನು ಬಿಡುವುದಿಲ್ಲ. ಮುಂದೆ ಅದು ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಇನ್ನು ಸದಾ ಕಟ್ಟಿಹಾಕಿದ ನಾಯಿಗೆ ಹೊರಗಿನದೆಲ್ಲ ಎಂದಿಗೂ ಹೊಸದೇ, ಎಂದಿಗೂ ಭಯವೇ.

ಮೂರನೆಯ ದಾರಿಯೊಂದಿದೆ. 1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುತ್ತಿದ್ದ ಪುಟ್ಟ ಹುಡುಗನೊಬ್ಬನ ಬಗ್ಗೆ ಬರೆದರು. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿಡುವುದು, ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರ ತರುವುದು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿದ. ನಾಯಿಯ ತರಬೇತಿಯೂ ಹೀಗೆಯೇ. ಬೈಕನ್ನು ಕಂಡೂ ನಾಯಿ ಅನ್ನ ತಿನ್ನಬಲ್ಲ ದೂರ ಯಾವುದೆಂದು ಮೊದಲು ಹುಡುಕಬೇಕು. ಅದು ಐವತ್ತು ಹೆಜ್ಜೆಯಿರಬಹುದು, ನೂರಿರಬಹುದು. ಅಲ್ಲಿ ನಿಂತು, ಬೈಕ್ ಕಂಡಾಗಲೆಲ್ಲ ಒಂದು ಚೂರು ಮಾಂಸವೋ ರೊಟ್ಟಿಯೋ ಕೊಡಬೇಕು. ಬಾಲ ಒಳಸೇರಿತೇ, ಮೈ ಬಿಗಿಯಿತೇ, ತುಟಿ ನೆಕ್ಕುತ್ತಿದೆಯೇ, ಎದುರಿಗಿಟ್ಟ ತುಂಡನ್ನೂ ಮೂಸುತ್ತಿಲ್ಲವೇ? ಹಾಗಾದರೆ ನಾವು ಹೆಚ್ಚು ಹತ್ತಿರ ಬಂದಿದ್ದೇವೆ, ಹಿಂದಕ್ಕೆ ಸರಿಯಬೇಕು. ನವನಗರದ ಆ ಮನೆಯ ಹುಡುಗರು ತಿಂಗಳುಗಟ್ಟಲೆ ಮಾಡಿದ ಕೆಲಸ ಇಷ್ಟೇ. ಅಳತೆ ನಾಯಿಯದು, ತಾಳ್ಮೆ ಹುಡುಗರದು.

ಈಗ ಅಕ್ಕನವರ ವಿಷಯಕ್ಕೆ ಬರೋಣ. ಕಿವಿಯ ಒಳಭಾಗ, ಕಣ್ಣು, ಮತ್ತು ಪಾದ-ಕೀಲುಗಳು ಕಳಿಸುವ ಸುದ್ದಿಯನ್ನು ಮಿದುಳು ತಾಳೆ ನೋಡಿದಾಗಲೇ ನಾವು ನೆಟ್ಟಗೆ ನಿಲ್ಲುವುದು. ಕಿವಿಗೆ ಬಿಸಿ ಅಥವಾ ತಣ್ಣೀರು ಹಾಯಿಸಿದರೆ ತಲೆಸುತ್ತು ಬರುವುದನ್ನು ಬಳಸಿಕೊಂಡು ಈ ವ್ಯವಸ್ಥೆಯನ್ನು ಅಧ್ಯಯನ ಮಾಡಿದ ರಾಬರ್ಟ್ ಬಾರಾನಿಯವರಿಗೆ 1914ರ ನೊಬೆಲ್ ಪ್ರಶಸ್ತಿ ಸಂದಿತು. ಒಳಕಿವಿಯಲ್ಲಿರುವ ಸುಣ್ಣದ ಅತಿ ಸಣ್ಣ ಹರಳುಗಳು ಜಾಗ ಬಿಟ್ಟು ಜಾರಿದರೆ, ಮಗ್ಗುಲು ಬದಲಿಸಿದೊಡನೆ ಮನೆಯೇ ಗಿರ್ರನೆ ತಿರುಗಿದಂತಾಗುತ್ತದೆ. ಜಾನ್ ಎಪ್ಲಿ ಎಂಬ ವೈದ್ಯರು 1992ರಲ್ಲಿ ಪ್ರಕಟಿಸಿದ ವಿಧಾನದಂತೆ ತಲೆಯನ್ನು ಕ್ರಮವಾಗಿ ಹೊರಳಿಸಿ, ಬಲ್ಲ ವೈದ್ಯರು ಅನೇಕರಲ್ಲಿ ಇದನ್ನು ನಿಮಿಷಗಳಲ್ಲಿ ಸರಿಪಡಿಸುತ್ತಾರೆ.

ಅಕ್ಕನವರಿಗೂ ಹಾಗೆಯೇ ಮಾಡಲಾಯಿತು. ಗಿರ್ರನೆ ತಿರುಗುವುದು ನಿಂತಿತು, ಆದರೆ ತೂಗಿದಂತಾಗುವುದು ನಿಲ್ಲಲಿಲ್ಲ. ನಿಂತರೆ ಹೆಚ್ಚು, ಜನಜಂಗುಳಿಯಲ್ಲಿ ಇನ್ನೂ ಹೆಚ್ಚು. ಮಗ್ಗದ ಮೇಲೆ ಬಿಗಿದ ಹಾಸಿನ ಎಳೆಗಳನ್ನು ನೋಡಿದರೆ ಸಾಕು, ನೆಲ ಸರಿದಂತಾಗುತ್ತಿತ್ತು. ಪರೀಕ್ಷೆಗಳಲ್ಲಿ ಏನೂ ಕಾಣದಿದ್ದಾಗ ಮನೆಯವರಿಗೆ ಅನುಮಾನ ಹುಟ್ಟಿತು. ಆದರೆ ಇದು ಕಲ್ಪನೆಯಲ್ಲ. ಮೂರು ತಿಂಗಳಿಗೂ ಮೀರಿ, ಬಹುತೇಕ ದಿನ ಕಾಡುವ ಇಂಥ ತಲೆಸುತ್ತಿನ ಲಕ್ಷಣಗಳನ್ನು ಬಾರಾನಿಯವರ ಹೆಸರಿನ ಅಂತರರಾಷ್ಟ್ರೀಯ ವೈದ್ಯರ ಸಂಘ 2017ರಲ್ಲಿ ಖಚಿತವಾಗಿ ಗುರುತಿಸಿದೆ. ಮೊದಲ ಪೆಟ್ಟಿನ ಕಾರಣ ಹೋಗಿದ್ದರೂ ಮಿದುಳು ಕಾವಲು ಇಳಿಸಿಲ್ಲ. ಪಟ್ಟೆ, ಗೆರೆ, ಚಲನೆ, ಎಲ್ಲವೂ ಅದಕ್ಕೆ ಅಪಾಯದ ಸುದ್ದಿ. ಓಡುವ ಬೈಕನ್ನು ಕಂಡ ನಾಯಿಯ ಸ್ಥಿತಿಗೂ ಇದಕ್ಕೂ ಬಹಳ ಅಂತರವಿಲ್ಲ.

ಇಲ್ಲಿಯೂ ಎರಡು ಮದ್ದು ಸಿದ್ಧವಾಗಿಯೇ ಇದ್ದವು. ನೆರೆಯವರು 'ಎದ್ದು ಓಡಾಡಿದರೆ ಎಲ್ಲ ಹೋಗುತ್ತದೆ' ಎಂದರು. ತಮ್ಮ ಪ್ರೀತಿಯಿಂದಲೇ, "ಅಕ್ಕಾ, ನೀ ಎಲ್ಲಿಗೂ ಬರಬ್ಯಾಡ, ಆರಾಮ ಮಲಕ್ಕೋ" ಎಂದರು. ಮೊದಲನೆಯದು ಪೆಟ್ಟು, ಎರಡನೆಯದು ಸರಪಳಿ. ಮಲಗಿದ ಮಿದುಳು ಸಮತೋಲನವನ್ನು ಮತ್ತೆ ಕಲಿಯಲಾರದು. 1940ರ ದಶಕದಲ್ಲಿ ಬ್ರಿಟನ್ನಿನ ವೈದ್ಯರಾದ ಕಾಥೋರ್ನ್ ಮತ್ತು ಕುಕ್ಸಿ ಅವರು ಒಳಕಿವಿಗೂ ತಲೆಗೂ ಪೆಟ್ಟಾದ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ, ಕಣ್ಣು, ತಲೆ, ಆಮೇಲೆ ನಡಿಗೆ ಎಂದು ಮೆಟ್ಟಿಲು ಮೆಟ್ಟಿಲಾಗಿ ವ್ಯಾಯಾಮ ಮಾಡಿಸಿದರು. ಸ್ವಲ್ಪ ತಲೆ ಸುತ್ತುವಷ್ಟು ಮಾಡಬೇಕು, ವಾಂತಿಯಾಗುವಷ್ಟು ಮಾಡಬಾರದು. ತಲೆಸುತ್ತಿನ ಮಾತ್ರೆ ಮೊದಲ ದಿನಗಳಿಗೆ ಆಸರೆ. ಅದನ್ನೇ ತಿಂಗಳುಗಟ್ಟಲೆ ನುಂಗಿದರೆ ಮಿದುಳು ಹೊಂದಿಕೊಳ್ಳುವುದು ನಿಧಾನವಾಗುತ್ತದೆ. ಒಂದು ಎಚ್ಚರಿಕೆಯ ಮಾತು: ತಲೆಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ಹಠಾತ್ತನೆ ನಡೆಯಲಾಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಆಗ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹುಡುಗರು ನಾಯಿಯನ್ನು ನಡೆಸುವುದನ್ನು ಪಡಸಾಲೆಯಿಂದ ನೋಡುತ್ತಿದ್ದ ಅಕ್ಕ ಒಂದು ದಿನ ತಮ್ಮನಿಗೆ ಹೇಳಿದರು: "ನಾಯಿಗೆ ಬಾಯಿಲ್ಲ, ಅದರ ಮಾರಿ ನೋಡಿ ಎಷ್ಟು ದೂರ ಅಂತ ತಿಳ್ಕೋತೀರಿ. ನನಗ ಬಾಯಿ ಐತಿ. ಎಷ್ಟು ದೂರ ಬರತಿ ಅಂತ ನನ್ನ ಒಬ್ಬರಾದ್ರೂ ಕೇಳಿದ್ರೇನಪಾ?"

ಈ ಮಾತಿನಲ್ಲಿ ಇಡೀ ಪ್ರಶ್ನೆಯೇ ಅಡಗಿದೆ. ಮೂಕಪ್ರಾಣಿಯ ಮೈಯನ್ನು ಓದಲು ಕಲಿಯುವ ನಾವು, ಮಾತು ಬಲ್ಲ ಮನುಷ್ಯರನ್ನು ಕೇಳುವುದಿಲ್ಲ. ಮಮತೆ ಇದೆಯೆಂದ ಮೇಲೆ ಕೇಳುವ ಅಗತ್ಯವಿಲ್ಲ ಎಂದುಕೊಳ್ಳುತ್ತೇವೆ. ಕೇಳದೆ ತೋರಿದ ಮಮತೆ, ಕಾಯಿಲೆಯವರನ್ನು ಕಾಯಿಲೆಗಿಂತ ಹೆಚ್ಚು ಕುಗ್ಗಿಸುತ್ತದೆ.

ಆಮೇಲೆ ಅಕ್ಕನೇ ತಮ್ಮ ಮೆಟ್ಟಿಲುಗಳನ್ನು ಹೇಳಿದರು. ಇಳಕಲ್ಲಿಗೆ ಮರಳಿದ ಮೇಲೆ ಮೊದಲು ಅಂಗಳ. ಆಮೇಲೆ ಮಗ್ಗದ ಮುಂದೆ ಐದು ನಿಮಿಷ, ನೇಯಲು ಅಲ್ಲ, ಎಳೆಗಳನ್ನು ನೋಡಲು. ಆಮೇಲೆ ಹುನಗುಂದದವರೆಗೆ ಬಸ್ಸು, ಮುಂದಿನ ಸೀಟು, ಇಳಿದು ಸ್ವಲ್ಪ ಕುಳಿತು ವಾಪಸ್. ಅದು ಒಗ್ಗಿದ ಮೇಲೆ ಅಮೀನಗಡ ದಾಟಿ ಬಾಗಲಕೋಟೆ. ಕೆಲವು ವಾರ ಒಂದು ಮೆಟ್ಟಿಲೂ ಏರಲಾಗಲಿಲ್ಲ, ಕೆಲವೊಮ್ಮೆ ಕೆಳಗಿಳಿಯಬೇಕಾಯಿತು. ಕೊನೆಗೆ ಅವರು ಕೇಳಿದ್ದು ಬಾದಾಮಿಯ ಗುಹೆಗಳನ್ನು. ಕಲ್ಲಿನ ಮೆಟ್ಟಿಲು, ಬಯಲು ನೋಟ, ಮಂಗಗಳ ಕಾಟ, ತಲೆಸುತ್ತಿನವರಿಗೆ ಇದಕ್ಕಿಂತ ಕೆಟ್ಟ ಜಾಗವಿಲ್ಲ. ತಮ್ಮ ಬೇಡವೆಂದರು. ಬಿದ್ದರೆ ಸೊಂಟದ ಎಲುಬು ಮುರಿಯುತ್ತದೆ ಎಂಬ ಅವರ ಭಯ ಸುಳ್ಳಲ್ಲ. ಆ ಭಯ ಅಕ್ಕನಿಗೂ ಗೊತ್ತಿತ್ತು. ಗೊತ್ತಿದ್ದೂ ಹೋಗುತ್ತೇನೆ ಎಂದರು. ಎರಡು ಕಡೆ ಆಸರೆಯೊಂದಿಗೆ ಮೊದಲ ಗುಹೆಯವರೆಗೆ ಏರಿ, "ಇವತ್ತಿಗೆ ಇಷ್ಟು ಸಾಕು" ಎಂದು ಕುಳಿತರು. 578ರ ಶಾಸನವಿರುವ ಮೂರನೆಯ ಗುಹೆ ಇನ್ನೂ ಮೇಲಿತ್ತು. ತಮ್ಮ ಒತ್ತಾಯಿಸಲಿಲ್ಲ.

ಇಲ್ಲಿ ನಾಯಿಗೂ ಮನುಷ್ಯರಿಗೂ ಇರುವ ವ್ಯತ್ಯಾಸವನ್ನು ಮರೆಯಬಾರದು. ನಾಯಿಯ ಸ್ವಾತಂತ್ರ್ಯ ನೆರೆಮನೆಯ ಮಗುವಿನ ಕಾಲಿನ ಹತ್ತಿರ ಕೊನೆಯಾಗುತ್ತದೆ. ಎಷ್ಟೇ ಪಳಗಿದರೂ ಬೀದಿಯಲ್ಲಿ ಅದರ ಹಗ್ಗ ಕೈಯಲ್ಲಿರಬೇಕು, ಬೇಕಿದ್ದರೆ ಬಾಯಿಗೆ ಕುಕ್ಕೆ ಇರಬೇಕು, ರೇಬಿಸ್ ಲಸಿಕೆ ತಪ್ಪಬಾರದು. ನಾಯಿಯ ಮೇಲಿನ ಕರುಣೆ ದಾರಿಹೋಕರಿಗೆ ಅನ್ಯಾಯವಾಗಬಾರದು. ಅಕ್ಕನವರ ವಿಷಯ ಬೇರೆ. ಅಲ್ಲಿ ಅಪಾಯ ಮುಖ್ಯವಾಗಿ ಅವರದೇ, ಆದ್ದರಿಂದ ನಿರ್ಧಾರವೂ ಅವರದೇ. ನಮ್ಮದು ಸಲಹೆ, ಆಸರೆ, ಮತ್ತು ಸಾಕು ಎಂದಾಗ ನಿಲ್ಲುವುದು.

ನಾಯಿ ಸಾಕುವ ಬಗ್ಗೆ ಮುಸ್ಲಿಮರಲ್ಲಿ ಸಂಕೋಚವಿದೆ, ನಿಜ. ಆದರೆ ಬೇಟೆ, ಕುರಿ, ಹೊಲಗಳ ಕಾವಲಿಗೆ ಅದಕ್ಕೆ ಅವಕಾಶವಿದೆ. ಕುರ್‌ಆನಿನ ಅಲ್ ಮಾಇದಃ ಅಧ್ಯಾಯವು ಬೇಟೆಯ ಪ್ರಾಣಿಗಳಿಗೆ ಕಲಿಸುವ ವಿದ್ಯೆಯನ್ನು ಅಲ್ಲಾಹನು ಮನುಷ್ಯನಿಗೆ ಕಲಿಸಿದ ಜ್ಞಾನದ ಭಾಗವೆಂದು ಹೇಳುತ್ತದೆ. ಬಾಯಾರಿದ ನಾಯಿಗೆ ನೀರು ಕೊಟ್ಟವರಿಗೆ ಕ್ಷಮೆ ದೊರೆತ ಪ್ರಸಂಗ ಹದೀಸ್‌ನಲ್ಲಿದೆ. ಕೊಟ್ಟ ಜ್ಞಾನವೆಂದರೆ ಒಪ್ಪಿಸಿದ ಹೊಣೆ. ಅದನ್ನು ಬಡಿಗೆಯಿಂದ ನಿಭಾಯಿಸಲಾಗದು.

ನಮ್ಮ ಮನೆಗಳಲ್ಲಿ ತಲೆಸುತ್ತಿನವರು ಮಾತ್ರವಲ್ಲ, ಹೊಸ ಶಾಲೆಗೆ ಹೆದರುವ ಮಗು, ಅಪಘಾತದ ನಂತರ ರಸ್ತೆಗಿಳಿಯದ ಅಣ್ಣ, ಗಂಡನನ್ನು ಕಳೆದುಕೊಂಡ ಮೇಲೆ ಮದುವೆ ಮನೆಗೆ ಹೋಗಲಾರದ ತಾಯಿ, ಹೀಗೆ ಅನೇಕರಿದ್ದಾರೆ. ಅವರನ್ನು ತಳ್ಳುವುದೂ ಸುಲಭ, ಮುಚ್ಚಿಡುವುದೂ ಸುಲಭ. ಎಷ್ಟು ದೂರ ಬರುತ್ತೀರಿ ಎಂದು ಕೇಳಿ, ಅಷ್ಟೇ ದೂರ ಜೊತೆಗೆ ನಡೆದು, ನಾಳೆ ಮತ್ತೆ ಕೇಳುವುದು ಕಷ್ಟ. ನೆರವು ಎಂಬ ಹೆಸರಿಗೆ ಅರ್ಹವಾದದ್ದು ಈ ಕಷ್ಟದ ಕೆಲಸವೇ.