ಪದಾರ್ಥವೋ ಪ್ರಸಾದವೋ?



ಪರನಾಡಿನ ಜನರ ಆಚಾರವಿಚಾರಗಳನ್ನು ಕಂಡು ಬರೆದಿಡುವ ವಿದ್ಯೆಯೊಂದುಂಟು. ಅದಕ್ಕೆ ಮಾನವಶಾಸ್ತ್ರವೆಂದು ಹೆಸರು. 1956ರಲ್ಲಿ ಅಮೆರಿಕದ ಹೊರೇಸ್ ಮೈನರ್ ಎಂಬ ವಿದ್ವಾಂಸನು ಆ ಶಾಸ್ತ್ರದ ಕನ್ನಡಿಯನ್ನು ತನ್ನವರ ಕಡೆಗೇ ಹಿಡಿದನು. ತನ್ನ ನಾಡಿಗರ ಹೆಸರಿನ ಅಕ್ಷರಗಳನ್ನು ತಿರುವುಮುರುವಾಗಿಸಿ, ‘ನಸಿರೆಮ’ ಎಂಬ ವಿಚಿತ್ರ ಜನಾಂಗದ ದೇಹಸಂಸ್ಕಾರಗಳನ್ನು ವರ್ಣಿಸಿದನು. ಹಲ್ಲುಜ್ಜುವುದೂ ಅಲ್ಲಿ ಒಂದು ಗಹನವಾದ ವಿಧಿಯಾಗಿ ತೋರಿತು. ನಾವೂ ‘ನಗರ’ವೆಂಬ ಮಾತನ್ನು ಹಾಗೆಯೇ ತಿರುಗಿಸಿ, ‘ರಗನ’ರೆಂಬ ಜನಾಂಗವನ್ನು ಅರೆಗಳಿಗೆ ನೋಡೋಣ.

ರಗನರ ಇಷ್ಟದೈವವು ಹೊಸವಸ್ತು. ಅದರ ಗುಡಿಗೆ ಗಾಜಿನ ಗೋಡೆ, ಹಗಲಿನಲ್ಲಿಯೂ ದೀಪೋತ್ಸವ. ಭಕ್ತನು ಸಾಲಮಾಡಿಯಾದರೂ ದಕ್ಷಿಣೆ ತೆತ್ತು ದೈವವನ್ನು ಮನೆಗೆ ಬಿಜಯಂಗೈಸುವನು. ಆದರೆ ಅದರ ಆಯುಷ್ಯ ಅಲ್ಪ. ನೆರೆಮನೆಗೆ ಮತ್ತೊಂದು ಬಂದೊಡನೆ ಇದರ ಕಳೆ ಇಳಿಯುವುದು, ವಿಸರ್ಜನೆಯಾಗುವುದು. ವಿಸರ್ಜನೆಯ ಮಂತ್ರ, ‘ಎಸೆದುಬಿಡು’. ಎಸೆದುದು ಎಲ್ಲಿಗೆ ಹೋಯಿತೆಂದು ಕೇಳುವುದು ಅವರಲ್ಲಿ ಅನಾಚಾರ. ಬೆಳಗಿನ ಜಾವದಲ್ಲಿ ಅದನ್ನು ಹೊತ್ತೊಯ್ಯುವ ಪೌರಕಾರ್ಮಿಕನ ಮುಖವನ್ನು ನೋಡದಿರುವುದು ಆಚಾರ.

ಇವರು ಕೆರೆಗೂ ಬೆಂಕಿ ಹತ್ತಿಸಬಲ್ಲ ಸಿದ್ಧರು. ಇದು ಕಟ್ಟುಕತೆಯಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರ ಮೇ ತಿಂಗಳಲ್ಲಿ ನೊರೆಯೇ ಉರಿಯಿತು. 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಮತ್ತೆ ಕಿಚ್ಚೆದ್ದಿತು. ಮನೆಮನೆಯ ಬಚ್ಚಲಿನ ನೀರು ಶುದ್ಧಿಯಾಗದೆ ಹರಿದುಬಂದು, ಬಟ್ಟೆ ಪಾತ್ರೆ ತೊಳೆದ ಮಾರ್ಜಕಗಳಿಂದ ನೊರೆಗಟ್ಟಿತು. ಕೊಳೆಯುಂಡು ಬೆಳೆದ ಜೊಂಡು ಒಣಗಿ ಉರಿಗೆ ಕಟ್ಟಿಗೆಯಾಯಿತು.

ಇದನ್ನೋದಿ ನಕ್ಕ ಗೃಹಸ್ಥರಿಗೆ ಒಂದು ಪ್ರಶ್ನೆ. ನಮ್ಮ ಮದುವೆಗಳಲ್ಲಿ, ಜಾತ್ರೆಯ ದಾಸೋಹಗಳಲ್ಲಿ, ಊಟದ ತಟ್ಟೆ ಯಾವುದು? ನೀರಿನ ಲೋಟ ಯಾವುದು? ಕರ್ನಾಟಕ ಸರ್ಕಾರವು 2016ರಲ್ಲಿಯೇ ಪ್ಲಾಸ್ಟಿಕ್ಕಿನ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಆದರೂ ಪಂಕ್ತಿ ಎದ್ದಮೇಲೆ ತಿಪ್ಪೆಯಲ್ಲಿ ಅವೇ ಮಿನುಗುವುವು. ಅನ್ನದ ಆಸೆಗೆ ಬಂದ ದನವು ಚೀಲವನ್ನೂ ನುಂಗುವುದು. ರಗನರು ದೂರದಲ್ಲಿಲ್ಲ.

ಶರಣಧರ್ಮದಲ್ಲಿ ಪದಾರ್ಥ ಬೇರೆ, ಪ್ರಸಾದ ಬೇರೆ. ಲಿಂಗಕ್ಕೆ ಅರ್ಪಿತವಾಗದುದು ಪದಾರ್ಥ. ಅರ್ಪಿತವಾಗಿ ಮರಳಿ ಬಂದುದು ಪ್ರಸಾದ. ಪದಾರ್ಥವನ್ನು ಎಸೆಯೆಂದು ಮನಸ್ಸು ಹೇಳೀತು. ಪ್ರಸಾದವನ್ನು ಎಸೆಯಲು ಕೈ ಏಳದು. ಆಯ್ದಕ್ಕಿ ಮಾರಯ್ಯನು ಒಮ್ಮೆ ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮ ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿದಳು. ಮನೆಯಲ್ಲಿ ಬಡತನವಿದ್ದಿತು, ಆದರೂ ಕಳುಹಿದಳು. ಆಕೆ ಅತಿಯಾಸೆಯನ್ನು ತಡೆದದ್ದು ಹೊಸ್ತಿಲಲ್ಲಿ. ನಾವು ತಡೆಯಹೊರಟಿರುವುದು ತಿಪ್ಪೆಯಲ್ಲಿ.

ಆದುದರಿಂದ ಕೊಳ್ಳುವ ಮುನ್ನ, ‘ಇದನ್ನು ಲಿಂಗದ ಮುಂದಿಟ್ಟು ಅರ್ಪಿಸಬಲ್ಲೆನೆ?’ ಎಂದು ತನ್ನನ್ನು ತಾನು ಕೇಳಿಕೊಳ್ಳುವುದು ಗೃಹಸ್ಥನ ಧರ್ಮ. ಮುಂದಿನ ದಾಸೋಹಕ್ಕೆ ಬಾಳೆಲೆಯೋ ಮುತ್ತುಗದ ಎಲೆಯೋ ಬರಲಿ. ತೊಳೆದು ಬಳಸುವ ಲೋಟ ಬರಲಿ. ತೊಳೆಯುವುದಕ್ಕೆ ಕೈಗಳು ಬೇಕಾಗುವುವು, ನಿಜ. ಕಾಯಕವೆಂದು ಶರಣರು ಕರೆದದ್ದು ಮತ್ತಾವುದನ್ನು?