ಎಲೆ ಹಣ್ಣಾಗುವುದು

ಶೃಂಗೇರಿ ಸೀಮೆಯ ದೊಡ್ಡಪ್ಪನ ಮನೆ. ಮರುದಿನದ ಕೊಟ್ಟೆ ಕಡುಬಿಗೆ ಹಲಸಿನ ಎಲೆ ಕೊಯ್ಯಲು ಇಬ್ಬರೂ ಹಿತ್ತಿಲಿಗೆ ಹೋಗಿದ್ದೆವು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ದೊಡ್ಡಪ್ಪ ಐವತ್ತು ವರ್ಷದಿಂದ ಅಡಕೆ ತೋಟ ಮಾಡಿಕೊಂಡು ಬಂದವರು. ನೆಲದಿಂದ ನಾನೊಂದು ಹಣ್ಣೆಲೆ ಹೆಕ್ಕಿಕೊಂಡೆ.

ದೊಡ್ಡಪ್ಪ: ಅದು ಕೊಟ್ಟೆಗೆ ಬರುವುದಿಲ್ಲ ಮಾರಾಯ್ತಿ, ಮಡಚಿದರೆ ಸೀಳುತ್ತದೆ.

ನಾನು: ಕೊಟ್ಟೆಗಲ್ಲ ದೊಡ್ಡಪ್ಪ, ನೋಡಲಿಕ್ಕೆ. ಅಂಚೆಲ್ಲ ಹಳದಿ, ನರದ ಪಕ್ಕ ಮಾತ್ರ ಹಸಿರು ಗೆರೆ ಉಳಿದಿದೆ. ಈ ಹಳದಿ ಎಲ್ಲಿಂದ ಬಂತು ಹೇಳಿ?

ದೊಡ್ಡಪ್ಪ: ವಯಸ್ಸಾಯಿತು, ಬಂತು.

ನಾನು: ಬಂದದ್ದಲ್ಲ, ಮೊದಲೇ ಇದ್ದದ್ದು. ಕ್ಯಾರೊಟಿನಾಯ್ಡ್ ಎನ್ನುವ ಹಳದಿ ಬಣ್ಣಗಳು, ಕ್ಯಾರೆಟ್ಟಿಗೆ ಬಣ್ಣ ಕೊಡುವ ಜಾತಿಯವೇ, ಹಸಿರೆಲೆಯಲ್ಲೂ ಇರುತ್ತವೆ. ಪತ್ರಹರಿತ್ತು ದಟ್ಟವಾಗಿರುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಹಸಿರು ಹೋಯಿತು, ಹಳದಿ ಕಂಡಿತು.

ದೊಡ್ಡಪ್ಪ: ಹಾಗಾದರೆ ಎಲೆಯ ನಿಜವಾದ ಬಣ್ಣ ಹಳದಿ ಅನ್ನು.

ನಾನು: ಹಾಗೆನ್ನಲು ನನಗೆ ಮನಸ್ಸು ಬಾರದು. ಹಸಿರು ಸುಳ್ಳಲ್ಲ. ಬಿಸಿಲಿನಲ್ಲಿ ಪತ್ರಹರಿತ್ತು ಕೆಡುತ್ತಲೇ ಇರುತ್ತದೆ, ಎಲೆ ಹೊಸದನ್ನು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಹಸಿರು ಎನ್ನುವುದು ಎಲೆಯ ದಿನನಿತ್ಯದ ದುಡಿಮೆ. ಆ ದುಡಿಮೆ ನಿಂತ ದಿನ ಹಳದಿ.

ದೊಡ್ಡಪ್ಪ: ನಿಂತದ್ದಕ್ಕೆ ಹಳದಿಯಾ? ಇಲ್ಲಿ ಬಾ. ಈ ಕೊಂಬೆ ಹೋದ ತಿಂಗಳ ಗಾಳಿಗೆ ಮುರಿದದ್ದು. ಎಲೆಗಳ ದುಡಿಮೆ ಅವತ್ತೇ ನಿಂತಿತು. ನೋಡು, ಕಂದಾಗಿ ಮುರುಟಿ ಹೇಗೆ ಜೋತುಬಿದ್ದಿವೆ. ಒಂದಾದರೂ ಚೆನ್ನಾಗಿ ಹಳದಿಯಾಯಿತಾ? ಒಂದಾದರೂ ತಾನಾಗಿ ಉದುರಿತಾ?

ಎಳೆದು ನೋಡಿದೆ. ಸತ್ತ ಎಲೆ ತೊಟ್ಟು ಬಿಡಲಿಲ್ಲ, ಕೈಯಲ್ಲೇ ಪುಡಿಯಾಯಿತು. ತರಗತಿಯಲ್ಲಿ ಎಷ್ಟು ಸಲ ಹೇಳಿದ್ದ ಪಾಠವೋ, ಅದರ ತಿರುಳು ನನಗೆ ಸಿಕ್ಕಿದ್ದು ಆ ಕೊಂಬೆಯ ಕೆಳಗೆ.

ನಾನು: ನಾನು ಹೇಳಿದ್ದು ತಪ್ಪು. ಹಳದಿಯಾಗಲಿಕ್ಕೂ ಜೀವ ಬೇಕು, ಅದು ಎಲೆಯ ಕೊನೆಯ ಕೆಲಸ. ಹಸಿರನ್ನು ಹಿಡಿದಿಟ್ಟ ಪ್ರೊಟೀನುಗಳನ್ನು ಎಲೆ ತಾನೇ ಬಿಚ್ಚುತ್ತದೆ. ಸಾರಜನಕ, ರಂಜಕಗಳನ್ನು ನರದ ಹಾದಿಯಲ್ಲಿ ಮರಕ್ಕೆ ಕಳಿಸುತ್ತದೆ. ಸಾರಜನಕದಲ್ಲಿ ಸುಮಾರು ಅರ್ಧ ಹೀಗೆ ವಾಪಸು ಹೋಗುತ್ತದೆ. ಬಿಡಿಯಾದ ಪತ್ರಹರಿತ್ತು ಬೆಳಕಿನಲ್ಲಿ ಜೀವಕೋಶಕ್ಕೇ ವಿಷ. ಹಾಗಾಗಿ ಅದನ್ನೂ ಒಡೆದು ಬಣ್ಣಗೆಡಿಸಿ ಇಡುತ್ತದೆ. ನರದ ಪಕ್ಕದ ಹಸಿರು ಎಲ್ಲಕ್ಕಿಂತ ಕೊನೆಗೆ ಹೋಗುವುದು, ಸಾಗಣೆ ಮುಗಿಯುವವರೆಗೆ ಅಲ್ಲಿ ಜೀವ ಬೇಕಾದ್ದರಿಂದ. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ಪದರ ಸಡಿಲವಾಗುತ್ತದೆ, ಮರದ ಕಡೆಯ ಗಾಯ ಮುಚ್ಚಿಕೊಳ್ಳುತ್ತದೆ.

ದೊಡ್ಡಪ್ಪ ಒಂದು ಹಸಿರೆಲೆ ಕಿತ್ತರು. ತೊಟ್ಟಿನಿಂದ ಬಿಳಿ ಸೊನೆ ಉಕ್ಕಿ ಬೆರಳಿಗಂಟಿತು. ಪಕ್ಕದ ಹಣ್ಣೆಲೆಗೆ ಕೈ ತಾಗಿಸಿದರು, ಅಷ್ಟಕ್ಕೇ ಕಳಚಿತು. ಆ ಜಾಗ ಒಣಗಿತ್ತು.

ದೊಡ್ಡಪ್ಪ: ಎಲೆ ಸತ್ತಿತು ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಹಣ್ಣಾಯಿತು ಅನ್ನುತ್ತೇವೆ. ಹಣ್ಣು ಅಂದರೆ ಇನ್ನೊಬ್ಬರಿಗೆ ಆಗುವಂಥದ್ದು.

ನಾನು: ಆ ಮಾತು ಬರೀ ಹೋಲಿಕೆಯಲ್ಲ ದೊಡ್ಡಪ್ಪ. ಎಲೆ ತೊಟ್ಟು ಬಿಡುವುದಕ್ಕೆ ಒತ್ತಾಸೆಯಾಗುವುದು ಎಥಿಲೀನ್ ಅನಿಲ. ಬಾಳೆಗೊನೆ ಹಣ್ಣು ಮಾಡುವುದೂ ಅದೇ.

ದೊಡ್ಡಪ್ಪ: ಇರಲಿ. ಎಲೆ ಕೊಟ್ಟಿತೋ, ಮರ ಕಿತ್ತುಕೊಂಡಿತೋ? ಅದನ್ನು ಹೇಳು.

ನಾನು: ಎಲೆಯಿಂದ ತೊಟ್ಟಿಗೆ ಆಕ್ಸಿನ್ ಎಂಬ ರಸ ಇಳಿಯುತ್ತಿರುವ ತನಕ ತೊಟ್ಟು ಕಳಚದು. ಅದು ಕಡಿಮೆಯಾದಾಗಲೇ ಎಥಿಲೀನಿನ ಆಟ ನಡೆಯುವುದು. ಮರವೊಂದೇ ತೀರ್ಮಾನ ಮಾಡಿತು ಅನ್ನಲು ಬರುವುದಿಲ್ಲ, ಎಲೆಯೊಂದೇ ಅನ್ನಲೂ ಬರುವುದಿಲ್ಲ. ಕೊಡುವವರು ಬೇರೆ, ಪಡೆಯುವವರು ಬೇರೆ ಅಂತ ನಾವು ಮಾಡುವ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ ಅಂತ ಕಾಣುತ್ತದೆ.

ದೊಡ್ಡಪ್ಪ ಬಹಳ ಹೊತ್ತು ಸುಮ್ಮನಿದ್ದರು. ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ ಬಾಳೆನಾರಿನಲ್ಲಿ ಕಟ್ಟಿದರು.

ದೊಡ್ಡಪ್ಪ: ತೋಟದಲ್ಲಿರುವ ಹಳದಿಗೆ ಏನನ್ನುತ್ತೀಯಾ?

ನಾನು: ಅಡಕೆಯ ಹಳದಿ ಎಲೆ ರೋಗವಾ? ಅದು ಹಣ್ಣಾಗುವುದಲ್ಲ. ಫೈಟೊಪ್ಲಾಸ್ಮಾ ಎನ್ನುವ ಸೂಕ್ಷ್ಮಜೀವಿಯಿಂದ ಬರುವಂಥದ್ದು. ಸಾರ ಹೀರುವ ಹುಳ ಮರದಿಂದ ಮರಕ್ಕೆ ದಾಟಿಸುತ್ತದೆ. ಅದು ಬೀಡುಬಿಡುವುದು ಎಲೆಯ ಗಳಿಕೆ ಮರಕ್ಕೆ ಇಳಿಯುವ ನಾಳದಲ್ಲೇ.

ದೊಡ್ಡಪ್ಪ: ವಾಪಸು ಹೋಗುವ ದಾರಿಯಲ್ಲೇ?

ನಾನು: ಹೌದು.

ದೊಡ್ಡಪ್ಪ: ಅಂದರೆ, ಕೊಡಬೇಕೆಂದರೂ ಕೊಡಲಾಗದ ಹಳದಿ ಅದು. ಗರಿಯ ತುದಿಯಿಂದ ಹಿಡಿಯುತ್ತದೆ. ಹಣ್ಣಾಗಿ ಬೀಳುವ ಸೋಗೆಯಾದರೆ ಒಂದೊಂದಾಗಿ ಹಾಳೆ ಸಮೇತ ಬೀಳುತ್ತದೆ. ಇದರಲ್ಲಿ ಮೂರು ನಾಲ್ಕು ಸೋಗೆ ಒಟ್ಟಿಗೆ. ಅಡಕೆ ಒಡೆದರೆ ಒಳಗೆ ಕಪ್ಪು. ರಸ್ತೆಯಲ್ಲಿ ಹೋಗುವವರಿಗೆ ತೋಟ ಬಂಗಾರದ ಹಾಗೆ ಕಾಣುತ್ತದಂತೆ. ನನ್ನ ಹತ್ತಿರವೇ ಒಬ್ಬರು ಹಾಗೆ ಹೇಳಿದರು.

ನಾನು: ಗುಣ ಮಾಡುವ ಔಷಧಿ ಇನ್ನೂ ಇಲ್ಲ ದೊಡ್ಡಪ್ಪ.

ದೊಡ್ಡಪ್ಪ: ಗೊತ್ತು. ಗೊಬ್ಬರ ಹಾಕಿದೆ, ಸುಣ್ಣ ಹಾಕಿದೆ, ಬಸಿಗಾಲುವೆ ತೋಡಿಸಿದೆ. ಹಳ್ಳದ ಬದಿಯ ಸಾಲಿನಲ್ಲಿ ಮೂರು ಮರ ತೀರ ಸೋತಿವೆ, ಕಡಿದುಬಿಡಿ ಅಂದರು.

ನಾನು: ಕಡಿದಿರಾ?

ದೊಡ್ಡಪ್ಪ: ನಿನ್ನೆ ಕೊಡಲಿ ತಗೊಂಡು ಹೋಗಿದ್ದೆ. ತಲೆಯೆತ್ತಿ ನೋಡಿದರೆ, ಸುಳಿ ಇನ್ನೂ ಹಸಿರಾಗಿತ್ತು.