55 ಕೆ.ಜಿ. ಪೈಲ್ವಾನನಿಗೆ ಯಾವ ಬಾಗಿಲು?

2020ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್ ನಡೆದಾಗ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ ಗ್ರೀಕೊ-ರೋಮನ್ ಶೈಲಿಯ 55 ಕೆ.ಜಿ. ವಿಭಾಗದಲ್ಲಿ ಕೊರಿಯಾದ ಪೈಲ್ವಾನನನ್ನು 7–4ರಿಂದ ಮಣಿಸಿ ಕಂಚು ಗೆದ್ದರು. ಸೊಂಟದ ಕೆಳಗೆ ಕೈ ಹಾಕುವಂತಿಲ್ಲ, ಕಾಲು ಕೊಟ್ಟು ಕೆಡವುವಂತಿಲ್ಲ. ಇಂಥ ಶೈಲಿ ಮಣ್ಣಿನ ಕಣದಲ್ಲಿ ಪಟ್ಟು ಕಲಿಯುವ ಈ ಸೀಮೆಯವರ ಮೈಗೆ ಸುಲಭಕ್ಕೆ ಒಗ್ಗುವಂಥದ್ದಲ್ಲ. ಅದರಲ್ಲಿ ಖಂಡದ ಮಟ್ಟದ ಪದಕ ತಂದವರು ಒಲಿಂಪಿಕ್ಸಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಸಿಗುವ ಉತ್ತರ ವಿಚಿತ್ರವಾದದ್ದು: ಆ ತೂಕವೇ ಅಲ್ಲಿಲ್ಲ. ಒಲಿಂಪಿಕ್ಸಿನಲ್ಲಿ ಗ್ರೀಕೊ-ರೋಮನ್ ಈಗ 60 ಕೆ.ಜಿ.ಯಿಂದ ಶುರುವಾಗುತ್ತದೆ. ಏಷ್ಯನ್ ಕ್ರೀಡಾಕೂಟದಲ್ಲೂ ಅಷ್ಟೇ. ಕಾಮನ್‌ವೆಲ್ತ್ ಕೂಟದಲ್ಲಿ 2010ರ ದೆಹಲಿಯ ನಂತರ ಗ್ರೀಕೊ-ರೋಮನ್ ಕಾಣಿಸಿಲ್ಲ. 2026ರ ಗ್ಲಾಸ್ಗೊ ಕೂಟದ ಪಟ್ಟಿಯಿಂದ ಕುಸ್ತಿಯನ್ನೇ ಕೈಬಿಟ್ಟಿದ್ದಾರೆ. ದುಡಿಮೆ ನಿಜ, ಗೆಲುವೂ ನಿಜ, ಆದರೆ ಅರ್ಹತೆಯ ಪ್ರಶ್ನೆಯೇ ಏಳುವುದಿಲ್ಲ. ಹಾಗಾದರೆ ಅರ್ಹತೆ ಎಂದು ನಾವು ಕರೆಯುವುದು ಏನನ್ನು ಅಳೆಯುತ್ತದೆ? ಕ್ರೀಡಾಭಿಮಾನಿಗಳ ಹರಟೆಯಂತೆ ಕಂಡರೂ ಇದು ಧರ್ಮದ ಪ್ರಶ್ನೆಯೇ. ಮನುಷ್ಯನ ಯೋಗ್ಯತೆಯನ್ನು ತೀರ್ಮಾನಿಸುವ ಹಕ್ಕು ಯಾರದು ಎಂಬುದನ್ನು ಈ ನೆಲ ಹನ್ನೆರಡನೆಯ ಶತಮಾನದಲ್ಲೇ ಎತ್ತಿಕೊಂಡಿತ್ತು.

ಮೊದಲು 55 ಕೆ.ಜಿ.ಗೆ ಒಲಿಂಪಿಕ್ಸಿನ ಬಾಗಿಲು ಮುಚ್ಚಿದ ಬಗೆಯನ್ನು ನೋಡಬೇಕು. 2012ರ ಲಂಡನ್ ಒಲಿಂಪಿಕ್ಸಿನವರೆಗೂ 55 ಕೆ.ಜಿ. ಗ್ರೀಕೊ-ರೋಮನ್ ಇತ್ತು. ಆಗ ಪುರುಷರಿಗೆ ಎರಡು ಶೈಲಿಗಳಲ್ಲಿ ತಲಾ ಏಳು ತೂಕ, ಮಹಿಳೆಯರಿಗೆ ಬರೀ ನಾಲ್ಕು. 2013ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ 2020ರ ಕೂಟದಿಂದ ಕುಸ್ತಿಯನ್ನೇ ಕಿತ್ತುಹಾಕುವ ಶಿಫಾರಸು ಮಾಡಿತು. ಕುಸ್ತಿ ಜಗತ್ತು ಗಾಬರಿಬಿದ್ದು ತನ್ನನ್ನು ತಿದ್ದಿಕೊಂಡಿತು. ಅದೇ ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನ ಮತದಾನದಲ್ಲಿ ಜಾಗ ಮರಳಿ ಪಡೆಯಿತು. ಆ ತಿದ್ದುಪಡಿಗಳಲ್ಲೊಂದು ತೂಕಗಳ ಮರುಹಂಚಿಕೆ: ಪುರುಷರ ಎರಡೂ ಶೈಲಿಗಳಿಗೆ ಆರಾರು, ಮಹಿಳೆಯರಿಗೂ ಆರು. 2016ರ ರಿಯೊದಲ್ಲಿ ಗ್ರೀಕೊ-ರೋಮನ್ನಿನ ಅತಿ ಹಗುರ ತೂಕ 59 ಕೆ.ಜಿ., ಟೋಕಿಯೊ ಹೊತ್ತಿಗೆ 60. ಅದೇ ರಿಯೊದಲ್ಲಿ ಸಾಕ್ಷಿ ಮಲಿಕ್ ಭಾರತದ ಮಹಿಳಾ ಕುಸ್ತಿಗೆ ಮೊದಲ ಒಲಿಂಪಿಕ್ ಪದಕ ತಂದದ್ದು 58 ಕೆ.ಜಿ.ಯಲ್ಲಿ, ಲಂಡನ್ನಿನಲ್ಲಿ ಇರದಿದ್ದ ತೂಕದಲ್ಲಿ. ಅಂದರೆ ಒಂದು ಕಡೆ ಕಳೆದ ಜಾಗ ಇನ್ನೊಂದು ಕಡೆ ತಡವಾಗಿ ಸಂದ ನ್ಯಾಯ. ಬಾಗಲಕೋಟೆಯ ಪೈಲ್ವಾನನಿಗೆ ಬಾಗಿಲು ಮುಚ್ಚಿದ್ದರಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಈ ಸಂಗತಿಯನ್ನು ತಾತ್ವಿಕವಾಗಿ ಕಠಿಣವಾಗಿಸುವುದು ಇದೇ. ಅನ್ಯಾಯವಾಗಿದ್ದರೆ ಖಂಡಿಸಿ ಮುಗಿಸಬಹುದಿತ್ತು.

ಇನ್ನು ಬಾಗಿಲು ತೆರೆದಿರುವ ತೂಕಗಳಲ್ಲಾದರೂ ಅರ್ಹತೆ ಎಂದರೆ ಶ್ರೇಷ್ಠತೆಯೇ? 2024ರ ಪ್ಯಾರಿಸ್‌ನಲ್ಲಿ 18 ತೂಕಗಳಿಗೆ ತಲಾ 16 ಜನ, ಒಟ್ಟು 288 ಕುಸ್ತಿಪಟುಗಳು. ಒಂದು ತೂಕಕ್ಕೆ ಒಂದು ದೇಶದಿಂದ ಒಬ್ಬರೇ. ಹಾಗಾಗಿ ಬಲಿಷ್ಠ ದೇಶದಲ್ಲಿ ಎರಡನೆಯವನಾದವನು, ಅವನು ಜಗತ್ತಿನಲ್ಲೇ ಮೂರನೆಯವನಾಗಿದ್ದರೂ, ಮನೆಯಲ್ಲಿ ಕೂತು ಟಿ.ವಿ. ನೋಡಬೇಕು. ವಿಶ್ವ ಚಾಂಪಿಯನ್‌ಷಿಪ್‌ನಿಂದ ಐದು, ಖಂಡಗಳ ಅರ್ಹತಾ ಸುತ್ತುಗಳಿಂದ ತಲಾ ಎರಡು, ಕೊನೆಯ ವಿಶ್ವ ಅರ್ಹತಾ ಸುತ್ತಿನಿಂದ ಮೂರು ಎಂಬ ಲೆಕ್ಕದಲ್ಲಿ ಜಾಗ ಹಂಚಿದರು. ಯಾವ ಖಂಡದಲ್ಲಿ ಪೈಪೋಟಿ ತೀವ್ರವೋ ಅಲ್ಲಿನವರಿಗೆ ದಾರಿ ಕಿರಿದಾಯಿತು. ಅದಕ್ಕಿಂತ ಮುಖ್ಯವಾಗಿ, ಗೆದ್ದ ಜಾಗ ಗೆದ್ದವರದಲ್ಲ, ದೇಶದ್ದು. 2023ರಲ್ಲಿ ಅಂತಿಮ್ ಪಂಘಾಲ್ 53 ಕೆ.ಜಿ.ಯಲ್ಲಿ ಭಾರತಕ್ಕೆ ಜಾಗ ತಂದಾಗ, ಟೋಕಿಯೊದಲ್ಲಿ ಆ ತೂಕದಲ್ಲೇ ಆಡಿದ್ದ ವಿನೇಶ್ ಫೋಗಟ್ 50 ಕೆ.ಜಿ.ಗೆ ಇಳಿದರು. ಆ ಇಳಿತದ ಕೊನೆ ಎಲ್ಲರಿಗೂ ಗೊತ್ತು: ಒಂದೇ ದಿನ ಮೂರು ಪಂದ್ಯ ಗೆದ್ದು ಫೈನಲ್ ತಲುಪಿ, ಮರುದಿನ ಬೆಳಿಗ್ಗೆ ತಕ್ಕಡಿಯ ಮೇಲೆ 100 ಗ್ರಾಂ ಹೆಚ್ಚು ಬಂದು ಅನರ್ಹರಾದರು. ಕ್ರೀಡಾ ನ್ಯಾಯಮಂಡಳಿ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ನಿಯಮ ನಿಯಮವೇ, ಒಪ್ಪೋಣ. ಆದರೆ ಹಿಂದಿನ ದಿನದ ಮೂರು ಗೆಲುವುಗಳು ಆ ನೂರು ಗ್ರಾಂನಿಂದ ಸುಳ್ಳಾದವೆಂದು ಕುಸ್ತಿ ಬಲ್ಲವರು ಯಾರೂ ಹೇಳಲಾರರು.

ಇಲ್ಲಿಗೆ ನನ್ನ ವಾದದ ನಡು ಬಂತು. ಆಧುನಿಕ ಕ್ರೀಡೆಯ ಹೆಮ್ಮೆಯೇ ಹುಟ್ಟನ್ನು ಕೇಳದಿರುವುದು. ನೀನು ಯಾರ ಮಗ ಎಂದು ಗಡಿಯಾರ ಕೇಳುವುದಿಲ್ಲ, ಮ್ಯಾಟು ಕೇಳುವುದಿಲ್ಲ. ವೇದ ಕೇಳುವ ಅಧಿಕಾರ ಯಾರಿಗೆ, ಗುಡಿಯ ಒಳಗೆ ಹೋಗುವ ಅಧಿಕಾರ ಯಾರಿಗೆ ಎಂದು ಹುಟ್ಟಿನ ಮೇಲೆ ಪಟ್ಟಿ ಮಾಡಿದ್ದ ಸಮಾಜಕ್ಕೆ ಇದು ದೊಡ್ಡ ಬಿಡುಗಡೆ. ಆದರೂ ಹುಟ್ಟು ಎರಡು ಕಿರುಬಾಗಿಲುಗಳಿಂದ ಮತ್ತೆ ಒಳಗೆ ಬಂದಿದೆ: ಒಂದು ದೇಹ, ಇನ್ನೊಂದು ದೇಶ. 55 ಕೆ.ಜಿ.ಯ ಎಲುಬಿನ ಕಟ್ಟನ್ನು ಯಾರೂ ಆರಿಸಿಕೊಂಡು ಬರುವುದಿಲ್ಲ. ಐದು ಕಿಲೊ ಏರಿಸಿಕೊಂಡು 60ರಲ್ಲಿ ಆಡಲಿ ಎನ್ನುವುದು ಸುಲಭ. ಅಲ್ಲಿ ಎದುರು ನಿಲ್ಲುವವರು ಅದಕ್ಕಿಂತ ಹೆಚ್ಚಿನ ಮೈಯನ್ನು ಬೆವರಿಳಿಸಿ ಇಳಿಸಿಕೊಂಡು ಬಂದವರು. ದೇಶವೂ ಹಾಗೆಯೇ. ಸಾಮಾನ್ಯವಾಗಿ ಅದು ಹುಟ್ಟಿನಿಂದ ಬಂದದ್ದು, ಮತ್ತು ಅದರೊಂದಿಗೆ ತರಬೇತಿ, ಊಟ, ಪೈಪೋಟಿ ಎಲ್ಲವೂ ಬರುತ್ತವೆ. ಆದ್ದರಿಂದ ಅರ್ಹತೆ ಎಂಬುದು ಇರುವಷ್ಟು ಜಾಗವನ್ನು ಹಂಚುವ ಕ್ರಮ. ಅದರಲ್ಲಿ ಶ್ರೇಷ್ಠತೆ ಸೇರಿದೆ. ಪ್ರಾತಿನಿಧ್ಯ, ಸಮತೆ, ಹಣ, ಕ್ರೀಡಾಗ್ರಾಮದ ಹಾಸಿಗೆಗಳ ಲೆಕ್ಕವೂ ಸೇರಿದೆ. ಅದನ್ನು ಮನುಷ್ಯನ ಅಥವಾ ಅವನ ದುಡಿಮೆಯ ಮೇಲಿನ ತೀರ್ಪೆಂದು ಓದುವುದು ತಪ್ಪು.

ಹನ್ನೆರಡನೆಯ ಶತಮಾನದ ಉತ್ತರ ಇಲ್ಲಿ ನೆನಪಾಗುತ್ತದೆ. ಬಾಗಲಕೋಟೆ ಜಿಲ್ಲೆಯದೇ ಆದ ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ, ಕೃಷ್ಣೆ ಮಲಪ್ರಭೆಯರು ಕೂಡುವಲ್ಲಿ, ಬಸವಣ್ಣನವರು ವಿದ್ಯೆ ಕಲಿತರು, ಕೊನೆಗೆ ಅಲ್ಲೇ ಐಕ್ಯರಾದರು ಎಂದು ಪರಂಪರೆ ಹೇಳುತ್ತದೆ. ಅವರೂ ಅವರ ಸಂಗಡಿಗ ಶರಣರೂ ಯೋಗ್ಯತೆಯನ್ನು ಕಾಯಕದೊಳಗೆ ಇಟ್ಟರು. ಯಾವ ಕೆಲಸ, ಯಾರ ಮುಂದೆ, ಯಾರ ಅಪ್ಪಣೆಯಿಂದ ಎಂಬುದಕ್ಕಿಂತ ಎಷ್ಟು ಸತ್ಯಶುದ್ಧವಾಗಿ ಎಂಬುದು ಅವರಿಗೆ ದೊಡ್ಡದು. ಇಳಕಲ್ಲಿನ ಮಗ್ಗದಲ್ಲಿ ಇದನ್ನು ಕಣ್ಣಿಂದ ಕಾಣಬಹುದು. ಅಲ್ಲಿ ಸೀರೆಯ ಮೈಯ ಹಾಸಿನ ಎಳೆ ಒಂದೊಂದಕ್ಕೂ ಸೆರಗಿನ ಹಾಸಿನ ಎಳೆಯನ್ನು ಕುಣಿಕೆಯಾಗಿ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಒಂದು ಸೀರೆಗೆ ಸಾವಿರಾರು ಎಳೆ. ಉಟ್ಟಾಗ ಕಣ್ಣಿಗೆ ಬೀಳುವುದು ಕೆಂಪು ಸೆರಗು, ಕೊಂಡಿಯನ್ನು ನೋಡುವವರು ಕಡಿಮೆ. ಈ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದ್ದು ಮೊನ್ನೆ ಮೊನ್ನೆ, ಈ ಶತಮಾನದಲ್ಲಿ. ಆ ಮಾನ್ಯತೆಯಿಂದ ನೇಕಾರನಿಗೆ ಮಾರುಕಟ್ಟೆಯಲ್ಲಿ ರಕ್ಷಣೆ ಸಿಕ್ಕಿತು, ಅದು ಬೇಕಾಗಿತ್ತು. ಆದರೆ ಕೊಂಡಿಯ ಗಟ್ಟಿತನ ಪ್ರಮಾಣಪತ್ರಕ್ಕಿಂತ ಹಿಂದಿನದು. ಕುಸ್ತಿಯ ಪಟ್ಟುಗಳಿಗೂ ಒಲಿಂಪಿಕ್ ಪಟ್ಟಿಗೂ ಇರುವ ಸಂಬಂಧ ಇಷ್ಟೇ ಎಂಬುದು ನನ್ನ ನಿಲುವು.

ಇದಕ್ಕೆ ಮೊದಲ ಆಕ್ಷೇಪ ಕಟುವಾದದ್ದೇ. ನೇಯ್ಗೆಯಲ್ಲಿ ಒಬ್ಬ ಗೆದ್ದರೆ ಇನ್ನೊಬ್ಬ ಸೋಲಬೇಕಾಗಿಲ್ಲ; ಕುಸ್ತಿಯಲ್ಲಿ ಸೋಲಲೇಬೇಕು. ಹೋಲಿಕೆಯೇ ಆ ಕೆಲಸದ ಜೀವ. ಗಟ್ಟಿ ಜರಡಿ ಇಲ್ಲದಿದ್ದರೆ ಶ್ರೇಷ್ಠತೆ ಹುಟ್ಟುವುದೇ ಇಲ್ಲ, ಎಲ್ಲರನ್ನೂ ಯೋಗ್ಯರೆಂದರೆ ಯಾರೂ ಬೆವರು ಸುರಿಸುವುದಿಲ್ಲ ಎನ್ನಬಹುದು. ಇದರಲ್ಲಿ ಅರ್ಧ ಸತ್ಯವಿದೆ. ಎದುರಾಳಿ ಬೇಕು, ಸೋಲು ಗೆಲುವು ಬೇಕು. 7–4 ಎಂಬ ಅಂಕೆಗೆ ಅರ್ಥ ಬರುವುದು ಎದುರಿದ್ದವನೂ ಗೆಲ್ಲಲು ಬಂದಿದ್ದರಿಂದ. ಆದರೆ ಸ್ಪರ್ಧೆ ಬೇರೆ, ಪ್ರವೇಶದ ಪಟ್ಟಿ ಬೇರೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೊರಟ ಭಾರತದ ತಂಡದಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು. ಆಗ ಇಂದಿನಂಥ ಅರ್ಹತಾ ಸಮಯ ಇರಲಿಲ್ಲ. ಪುಣೆಯ ಡೆಕ್ಕನ್ ಜಿಮ್ಖಾನಾದ ಕೂಟಗಳಲ್ಲಿ ಓಡಿದವರನ್ನು ಕಂಡ ದೊರಾಬ್ಜಿ ಟಾಟಾ ಅವರ ಆಸಕ್ತಿಯಿಂದ ತಂಡ ಕೂಡಿತು. ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾದರು. ಕಿರಿದಾದ ಬಾಗಿಲು ಇರಲಿಲ್ಲವೆಂದು ಅವರ ಓಟ ಸಡಿಲವಾಗಲಿಲ್ಲ. ಇನ್ನೊಂದು ತುದಿಯಲ್ಲಿ 2000ದ ಸಿಡ್ನಿ. ಹಿಂದುಳಿದ ದೇಶಗಳಿಗೆಂದು ಇಟ್ಟ ಜಾಗದಲ್ಲಿ ಬಂದ ಈಕ್ವಟೋರಿಯಲ್ ಗಿನಿಯ ಎರಿಕ್ ಮುಸ್ಸಂಬಾನಿ 100 ಮೀಟರ್ ಈಜಲು 1 ನಿಮಿಷ 52.72 ಸೆಕೆಂಡು ತೆಗೆದುಕೊಂಡರು. ಅವರಿಗಿಂತ ವೇಗದ ಸಾವಿರಾರು ಈಜುಗಾರರು ಜಗತ್ತಿನಲ್ಲಿದ್ದರು. ಒಲಿಂಪಿಕ್ಸ್ ತಾನೇ ತನ್ನ ಬಾಗಿಲನ್ನು ಬರೀ ಶ್ರೇಷ್ಠತೆಯ ಅಳತೆಯಾಗಿ ಇಟ್ಟುಕೊಂಡಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗಂತ ನಮ್ಮೂರ ಜಾತ್ರೆಯ ಕುಸ್ತಿಯೇ ಹೆಚ್ಚು ನ್ಯಾಯವಂತ ಎನ್ನುವ ಆಸೆಗೆ ನಾನು ಬೀಳುವುದಿಲ್ಲ. ಬಾದಾಮಿ, ಹುನಗುಂದ ಸೀಮೆಯ ಜಂಗಿ ಕುಸ್ತಿಗಳಲ್ಲಿ ತಕ್ಕಡಿ ಅಪರೂಪ. ಹಿರಿಯ ಪೈಲ್ವಾನರು ಇಬ್ಬರನ್ನು ಎದುರುಬದುರು ನಿಲ್ಲಿಸಿ, ಹೆಗಲು, ತೋಳು, ಎದೆ ಕಣ್ಣಲ್ಲೇ ತೂಗಿ ಜೋಡಿ ಹಚ್ಚುತ್ತಾರೆ. ಒಬ್ಬ ಒಲ್ಲೆ ಎಂದರೆ ಮತ್ತೊಬ್ಬನನ್ನು ಕರೆಯುತ್ತಾರೆ. ಅಲ್ಲಿ 55 ಕೆ.ಜಿ.ಯವನಿಗೂ ಜೋಡಿ ಸಿಗುತ್ತದೆ, ಮೈ ಹೇಗಿದೆಯೋ ಹಾಗೆ ಕಣಕ್ಕೆ ಇಳಿಯಬಹುದು. ಇದು ಅದರ ದೊಡ್ಡ ಗುಣ. ಆದರೆ ಜೋಡಿ ಹಚ್ಚುವವರ ಪರಿಚಯ ಇದ್ದವನಿಗೆ ಹಗುರ ಎದುರಾಳಿ, ಇಲ್ಲದವನಿಗೆ ಭಾರಿ ಎದುರಾಳಿ ಬಂದರೆ ಕೇಳುವವರಿಲ್ಲ. ಹೆಣ್ಣುಮಕ್ಕಳಂತೂ ಬಹುಕಾಲ ಆ ಕಣದ ಸುತ್ತ ಇರಲೇ ಇಲ್ಲ. ಬರೆದಿಟ್ಟ ನಿಯಮಕ್ಕೆ ಇರುವ ಘನತೆ ಇಲ್ಲಿದೆ: ಅದನ್ನು ಮುಂಚೆಯೇ ಓದಬಹುದು, ಪ್ರಶ್ನಿಸಬಹುದು, ಬದಲಿಸಬಹುದು. ರಿಯೊದಲ್ಲಿ ಸಾಕ್ಷಿ ಪದಕ ಗೆದ್ದ ಆ ಹೊಸ 58 ಕೆ.ಜಿ. ಹುಟ್ಟಿದ್ದು ಅಂಥ ಬದಲಾವಣೆಯಿಂದಲೇ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಬಾಗಿಲ ಹೊರಗೆ ನಿಂತವನಿಗೆ ‘ನಿನ್ನ ಕಾಯಕವೇ ಕೈಲಾಸ, ಪದಕ ಯಾಕೆ ಬೇಕು’ ಎನ್ನುವುದು ಒಳಗಿರುವವರಿಗೆ ಬಹಳ ಅನುಕೂಲದ ಮಾತು. ಭಾರತ ಸರ್ಕಾರದ ನಗದು ಪುರಸ್ಕಾರದಲ್ಲಿ ಒಲಿಂಪಿಕ್ ಚಿನ್ನಕ್ಕೆ 75 ಲಕ್ಷ ರೂಪಾಯಿ, ಕಂಚಿಗೆ 30 ಲಕ್ಷ. ನೌಕರಿ, ನಿವೇಶನ, ಗೌರವಗಳೂ ಅದೇ ದಿಕ್ಕಿಗೆ ಹರಿಯುತ್ತವೆ. ಬಯಲುಸೀಮೆಯ ರೈತನ ಮಗನಿಗೆ ಈ ವ್ಯತ್ಯಾಸ ತತ್ವದ್ದಲ್ಲ, ಹೊಟ್ಟೆಯದು. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಮತ್ತು ಕಾಯಕದ ವಿಚಾರವನ್ನು ಪೂರ್ತಿಯಾಗಿ ಹಿಡಿದರೆ ಅದೂ ಇದನ್ನೇ ಹೇಳುತ್ತದೆ ಎಂದು ವಾದಿಸುತ್ತೇನೆ. ಫಲದ ಆಸೆ ಬಿಡು ಎಂದು ಮಾತ್ರ ಹೇಳಿ ಶರಣರು ನಿಲ್ಲಿಸಲಿಲ್ಲ. ಕಾಯಕದ ಪಕ್ಕದಲ್ಲೇ ದಾಸೋಹವನ್ನು ಇಟ್ಟರು. ದುಡಿದದ್ದು ಸಮುದಾಯಕ್ಕೆ ಸಲ್ಲಬೇಕು, ಸಮುದಾಯ ದುಡಿದವರನ್ನು ಹಸಿದಿರಲು ಬಿಡಬಾರದು. ಗೆದ್ದ ಒಲಿಂಪಿಕ್ ಜಾಗ ದೇಶದ್ದು ಎನ್ನುವುದಾದರೆ, ಜಾಗವೇ ಇಲ್ಲದ ತೂಕದಲ್ಲಿ ದೇಶಕ್ಕಾಗಿ ಆಡಿದವನ ಹೊಣೆಯೂ ದೇಶದ್ದೇ. ಲಾಭವನ್ನು ಹಂಚಿಕೊಂಡು ನಷ್ಟವನ್ನು ಒಬ್ಬನ ತಲೆಗೆ ಕಟ್ಟುವುದು ದಾಸೋಹವಲ್ಲ.

ಹಣೆಬರಹ ಎನ್ನುವ ಮೂರನೆಯ ಉತ್ತರವೊಂದಿದೆ. ಊರಲ್ಲಿ ಅತಿ ಬೇಗ ಬಾಯಿಗೆ ಬರುವುದು ಅದೇ. ಮಾಡಿದ ಕರ್ಮಕ್ಕೆ ತಕ್ಕ ಫಲ ಎನ್ನುವ ನಂಬಿಕೆಗೆ ಈ ಪ್ರಕರಣ ತುಸು ಇಕ್ಕಟ್ಟಿನದು. ಇಲ್ಲಿ ಕಳೆದುಕೊಂಡವನ ತಪ್ಪು ಏನೂ ಇಲ್ಲ, ಪಡೆದುಕೊಂಡವರದೂ ಇಲ್ಲ. ಆರು ತೂಕವೋ ಏಳೋ ಎಂಬುದನ್ನು ಬ್ರಹ್ಮ ಬರೆಯಲಿಲ್ಲ, ಸಭೆ ಸೇರಿದ ಮನುಷ್ಯರು ಬರೆದರು. ಮನುಷ್ಯರು ಬರೆದದ್ದನ್ನು ದೈವದ ಲೆಕ್ಕಕ್ಕೆ ಹಾಕಿದರೆ ಇಬ್ಬರಿಗೂ ಅಪಚಾರ: ದೈವದ ಮೇಲೆ ಸಲ್ಲದ ಆರೋಪ, ಮನುಷ್ಯರಿಗೆ ಸಲ್ಲದ ಬಿಡುಗಡೆ.

ಅಭಿಮಾನಿಯಾದವನಿಗೂ ಇದರಲ್ಲಿ ಪಾಲಿದೆ. ನಾಲ್ಕು ವರ್ಷಕ್ಕೊಮ್ಮೆ ಕಣ್ಣು ತೆರೆದು ಪದಕಪಟ್ಟಿ ಎಣಿಸುವ ನಾವು, ಸುಮಾರು 10,500 ಜನರ ಮಿತಿಯಿರುವ ಒಂದು ಕೂಟವನ್ನು ಮಾನವ ಸಾಮರ್ಥ್ಯದ ಕೊನೆಯ ಕೋರ್ಟು ಮಾಡಿಕೊಂಡಿದ್ದೇವೆ. ಖೊ ಖೊ ಅಲ್ಲಿಲ್ಲ, ಕಬಡ್ಡಿ ಇಲ್ಲ, 55 ಕೆ.ಜಿ. ಗ್ರೀಕೊ-ರೋಮನ್ ಇಲ್ಲ, ಇಲ್ಲ ಎಂಬ ಕಾರಣಕ್ಕೇ ಅವು ನಮ್ಮ ಲೆಕ್ಕದಲ್ಲೂ ಇಲ್ಲವಾಗುತ್ತವೆ. ಒಲಿಂಪಿಕ್ಸಿನ ಮೇಲಿನ ಪ್ರೀತಿ ಬಿಡಬೇಕಾಗಿಲ್ಲ. ಅದರ ನಿಯಮಗಳು ಮುಂಚಿತವಾಗಿ ತಿಳಿಯಲಿ, ಆಯ್ಕೆ ಎಲ್ಲರ ಕಣ್ಣೆದುರು ನಡೆಯಲಿ ಎಂದು ಒತ್ತಾಯಿಸುವುದು ಒಂದು ಕೆಲಸ. ಅದರ ಪಟ್ಟಿಗೆ ಸೇರದ ವಿಭಾಗಗಳ ವಿಶ್ವ, ಏಷ್ಯಾ ಮಟ್ಟದ ಪದಕಗಳಿಗೂ ಸರ್ಕಾರ, ಮಠ, ಬ್ಯಾಂಕು, ಸಂಘಗಳು ನೌಕರಿಯಲ್ಲೂ ಗೌರವದಲ್ಲೂ ನ್ಯಾಯವಾದ ಸ್ಥಾನ ಕೊಡಲಿ ಎಂದು ಕೇಳುವುದು ಇನ್ನೊಂದು. ಬಾಗಿಲು ಕಾಯುವವನಿಗೆ ಒಳಗೆ ಯಾರು ಬರಬೇಕೆಂದು ಹೇಳುವ ಅಧಿಕಾರವಿದೆ. ಹೊರಗೆ ಉಳಿದವನ ಬೆಲೆ ಎಷ್ಟು ಎಂದು ಹೇಳುವ ಅಧಿಕಾರವನ್ನು ಅವನಿಗೆ ಯಾರೂ ಕೊಟ್ಟಿಲ್ಲ. ನಾವಾಗಿಯೇ ಒಪ್ಪಿಸದ ಹೊರತು ಅದು ಅವನ ಕೈಗೆ ಹೋಗುವುದೂ ಇಲ್ಲ.